ಆಘಾತಸ್ಮೃತಿಯೂ ಭಾವಾಸ್ಥಿರ ವ್ಯಕ್ತಿತ್ವವೂ: ಚಿಕಿತ್ಸೆಯ ಕ್ರಮವನ್ನು ಕುರಿತ ವಿಚಾರ

೧

ಕೊಡಗಿನ ಪಶ್ಚಿಮದ ಅಂಚಿನಲ್ಲಿ, ತಲಕಾವೇರಿಯ ಬೆಟ್ಟಸಾಲು ಕೇರಳದ ಕಡೆಗೆ ಇಳಿಯುವ ಭಾಗದಲ್ಲಿ, ಕರಿಕೆ ಎಂಬ ಊರಿದೆ. ಮಡಿಕೇರಿ ತಾಲ್ಲೂಕಿಗೆ ಸೇರಿದ ಈ ಊರಿಗೆ ಭಾಗಮಂಡಲದಿಂದ ಕಾಡಿನ ನಡುವೆ ತಿರುತಿರುಗಿ ಇಳಿಯುವ ಒಂದು ಮಾರ್ಗವುಂಟು. ಅದೇ ಮಾರ್ಗವು ಮುಂದೆ ಗಡಿಯನ್ನು ದಾಟಿ ಕಾಸರಗೋಡು ಜಿಲ್ಲೆಯ ಪಾಣತ್ತೂರಿಗೆ ಹೋಗುವುದು. ಆಟಿ ತಿಂಗಳ ಮಳೆಯಲ್ಲಿ ಬರೆ ಕುಸಿಯುವುದೂ ಮರಗಳು ಮಾರ್ಗಕ್ಕೆ ಅಡ್ಡ ಬೀಳುವುದೂ ಈ ಸೀಮೆಯವರಿಗೆ ಹೊಸದಲ್ಲ. ಆದರೆ ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಮೊದಲಾದೆಡೆಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಜಾರಿ ಮನೆ, ತೋಟ, ಗದ್ದೆಗಳನ್ನು ನುಂಗಿದುದು ಹಿಂದಿನ ಅನುಭವಕ್ಕೆ ಮೀರಿದುದಾಗಿದ್ದಿತು. ೨೦೨೦ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯಲ್ಲಿಯೇ ಬೆಟ್ಟವು ಕುಸಿದು ಅರ್ಚಕರ ಮನೆಗಳು ಮಣ್ಣಿನಡಿ ಸೇರಿದುವು. ನೆಲವೆಂದರೆ ನಿಲ್ಲುವಂಥದು ಎಂಬ ಭರವಸೆಯೇ ಆ ವರ್ಷಗಳಲ್ಲಿ ಅಲುಗಾಡಿತು.

ಇಂತಹ ದುರಂತವನ್ನು ಕಂಡವರಲ್ಲಿ ಹೆಚ್ಚಿನವರ ಮನಸ್ಸು ಕೆಲವು ತಿಂಗಳುಗಳೊಳಗೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಹಾಗಾಗುವುದಿಲ್ಲ. ಅವರಿಗೆ ಮಾಡಿನ ಮೇಲೆ ಮಳೆಯ ಸದ್ದು ಕೇಳಿದೊಡನೆ ಆ ರಾತ್ರಿಯೇ ಮರಳಿ ಬರುವುದು. ಇನ್ನು ಕೆಲವರಿಗೆ ಆಘಾತವು ಬೆಟ್ಟದಿಂದ ಬಂದುದಲ್ಲ. ಬಾಲ್ಯದಲ್ಲಿ, ಮನೆಯೊಳಗೇ, ನಂಬಿದವರ ಕೈಯಿಂದ ಬಂದುದು. ಅಂಥವರಲ್ಲಿ ಭೀತಿಯ ನೆನಪಿನೊಡನೆ ಭಾವಗಳ ಅಸ್ಥಿರತೆಯೂ, ತನ್ನನ್ನು ತಾನೇ ಗಾಯಪಡಿಸಿಕೊಳ್ಳುವ ಪ್ರವೃತ್ತಿಯೂ ಸೇರಿಕೊಂಡಿರುವುದುಂಟು. ಈ ಎರಡು ವ್ಯಾಧಿಗಳು ಒಬ್ಬರಲ್ಲಿಯೇ ಕೂಡಿರುವಾಗ ಯಾವುದಕ್ಕೆ ಮೊದಲು ಚಿಕಿತ್ಸೆ ಮಾಡಬೇಕು ಎಂಬ ಪ್ರಶ್ನೆ ಮನೋವೈದ್ಯರನ್ನು ಬಹುಕಾಲ ಕಾಡಿತು. ಈಚಿನ ಸಂಶೋಧನೆಗಳು ಅದಕ್ಕೆ ಕೊಟ್ಟಿರುವ ಉತ್ತರವೇನು, ಆ ಉತ್ತರವು ಕರಿಕೆಯಂತಹ ಊರನ್ನು ಮುಟ್ಟಬೇಕಾದರೆ ಏನೇನು ಬೇಕು ಎಂಬುದೇ ಈ ಲೇಖನದ ವಿಷಯ.

೨

ಮೊದಲನೆಯದಾಗಿ ವ್ಯಾಧಿಗಳ ಸ್ವರೂಪವನ್ನು ತಿಳಿಯಬೇಕು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಗಾಯವಿಲ್ಲದೆಯೇ ನಡುಕ, ಮೂಕತನ, ದುಃಸ್ವಪ್ನಗಳು ಕಂಡುಬಂದಾಗ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ೧೯೧೫ರಲ್ಲಿ ಅದನ್ನು 'ಶೆಲ್ ಷಾಕ್' ಎಂಬ ಹೆಸರಿನಿಂದ ವರ್ಣಿಸಿದನು. ಗುಂಡಿನ ಸ್ಫೋಟವೇ ಮಿದುಳನ್ನು ಕೆಡಿಸಿರಬೇಕೆಂದು ಆಗ ಕೆಲವರು ಬಗೆದರು. ಹೇಡಿತನವೆಂದು ಜರೆದವರೂ ಇದ್ದರು. ಅಮೆರಿಕದ ಮನೋವೈದ್ಯಸಂಘದ ವ್ಯಾಧಿಕೋಶದಲ್ಲಿ ಆಘಾತೋತ್ತರ ಕ್ಲೇಶಕ್ಕೆ ಸ್ವತಂತ್ರವಾದ ಸ್ಥಾನ ದೊರೆತುದು ೧೯೮೦ರಲ್ಲಿ. ೨೦೧೩ರ ಪರಿಷ್ಕರಣದಂತೆ ಇದರ ಲಕ್ಷಣಗಳು ನಾಲ್ಕು ವರ್ಗಗಳಾಗಿವೆ: ಬೇಡವೆಂದರೂ ನುಗ್ಗಿಬರುವ ನೆನಪು, ಆ ನೆನಪನ್ನು ತರುವ ಸ್ಥಳ, ಮಾತು, ಮನುಷ್ಯರಿಂದ ದೂರವಿರುವುದು, ತನ್ನನ್ನೂ ಲೋಕವನ್ನೂ ಕುರಿತು ಕರಾಳವಾದ ಭಾವನೆ, ಸದಾ ಎಚ್ಚರದಿಂದಿರುವ, ಸಣ್ಣ ಸದ್ದಿಗೂ ಬೆಚ್ಚುವ ದೇಹ. ಇವು ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿದು ಬಾಳನ್ನು ಕೆಡಿಸಿದರೆ ಮಾತ್ರ ವ್ಯಾಧಿಯೆನಿಸುವುದು.

ಸಾಮಾನ್ಯ ನೆನಪಿಗೂ ಆಘಾತದ ನೆನಪಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಸಾಮಾನ್ಯ ನೆನಪು 'ಆಯಿತು' ಎಂಬ ಭೂತಕಾಲದಲ್ಲಿ ನಿಲ್ಲುವುದು. ಆಘಾತದ ನೆನಪು 'ಆಗುತ್ತಿದೆ' ಎಂಬ ವರ್ತಮಾನದಲ್ಲಿ ಎದುರಾಗುವುದು. ಅದು ಎದುರಾದಾಗ ಮನುಷ್ಯನು ಓಡಿಹೋಗುತ್ತಾನೆ. ಓಡಿದ ಕೂಡಲೆ ಭೀತಿ ತಗ್ಗುವುದರಿಂದ ಮುಂದಿನ ಸಲವೂ ಓಡುವುದನ್ನೇ ಕಲಿಯುತ್ತಾನೆ. ಹೀಗೆ ತಪ್ಪಿಸಿಕೊಳ್ಳುವುದೇ ವ್ಯಾಧಿಯನ್ನು ಪೋಷಿಸುವ ನೀರಾಗುವುದು. ಮಳೆ ಬಂದರೂ ಮನೆ ನಿಂತಿದೆ ಎಂಬ ಹೊಸ ಅನುಭವವನ್ನು ಪಡೆಯುವ ಅವಕಾಶವೇ ಮನಸ್ಸಿಗೆ ಸಿಕ್ಕುವುದಿಲ್ಲ.

ಎರಡನೆಯ ವ್ಯಾಧಿಯ ಹೆಸರಿನಲ್ಲಿಯೇ ಒಂದು ತೊಡಕಿದೆ. ೧೯೩೮ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕನು, ಸಾಮಾನ್ಯ ಮನೋವಿಕಾರಕ್ಕೂ ಉನ್ಮಾದಕ್ಕೂ ನಡುವೆ ನಿಂತಂತೆ ತೋರುವ ರೋಗಿಗಳ ಒಂದು ವರ್ಗವನ್ನು ವರ್ಣಿಸಿ ಅವರನ್ನು 'ಗಡಿರೇಖೆ'ಯ ವರ್ಗವೆಂದನು. ೧೯೮೦ರ ವ್ಯಾಧಿಕೋಶದಲ್ಲಿ ಆ ಹೆಸರೇ ಸ್ಥಿರವಾಯಿತು. ತೊರೆಯಲ್ಪಡುವೆನೆಂಬ ಉತ್ಕಟ ಭಯ, ಮೆಚ್ಚಿಕೆ ತಿರಸ್ಕಾರಗಳ ನಡುವೆ ಹೊಯ್ದಾಡುವ ಸಂಬಂಧಗಳು, ತಾನು ಯಾರೆಂಬುದರಲ್ಲಿ ಅನಿಶ್ಚಯ, ದುಡುಕು, ಆತ್ಮಹತ್ಯೆಯ ಪ್ರಯತ್ನ ಅಥವಾ ಸ್ವಪೀಡನೆ, ಗಳಿಗೆಗಳಿಗೆಗೂ ಬದಲಾಗುವ ಮನಃಸ್ಥಿತಿ, ಒಳಗೆ ಶೂನ್ಯವೆಂಬ ಭಾವ, ತಡೆಯಲಾಗದ ಕೋಪ, ಒತ್ತಡದಲ್ಲಿ ಕ್ಷಣಕಾಲ ವಾಸ್ತವದ ಹಿಡಿತ ತಪ್ಪುವುದು, ಹೀಗೆ ಒಂಬತ್ತು ಲಕ್ಷಣಗಳನ್ನು ಹೇಳಿ, ಅವುಗಳಲ್ಲಿ ಐದಾದರೂ ಬಹುಕಾಲದಿಂದ ಇರಬೇಕೆಂದು ಇಂದಿನ ವ್ಯಾಧಿಕೋಶವು ವಿಧಿಸುತ್ತದೆ.

ಈ ಎರಡಕ್ಕೂ ಇರುವ ಸಂಬಂಧವನ್ನು ಎಚ್ಚರದಿಂದ ಹೇಳಬೇಕು. ಭಾವಾಸ್ಥಿರತೆಯಿಂದ ಬಳಲುವವರಲ್ಲಿ ಬಹುಮಂದಿ ಬಾಲ್ಯದ ಹಿಂಸೆಯನ್ನೋ ಉಪೇಕ್ಷೆಯನ್ನೋ ಹೇಳಿಕೊಳ್ಳುವರು, ಎಲ್ಲರೂ ಅಲ್ಲ. ಹಿಂಸೆಗೆ ಗುರಿಯಾದ ಮಕ್ಕಳೆಲ್ಲರಿಗೂ ಈ ವ್ಯಾಧಿ ಬರುವುದೂ ಇಲ್ಲ. ಪ್ರೌಢವಯಸ್ಸಿನಲ್ಲಿ ಒಮ್ಮೆ ಕಂಡ ಭೂಕುಸಿತವು ಆಘಾತೋತ್ತರ ಕ್ಲೇಶವನ್ನು ತರಬಹುದಲ್ಲದೆ, ಅದೊಂದರಿಂದಲೇ ವ್ಯಕ್ತಿತ್ವವು ಅಸ್ಥಿರವಾಯಿತೆಂದು ಹೇಳಲಾಗದು. ೧೯೯೨ರಲ್ಲಿ ಜೂಡಿತ್ ಹರ್ಮನ್ ಎಂಬ ವೈದ್ಯೆ, ತಪ್ಪಿಸಿಕೊಳ್ಳಲಾಗದ ಸ್ಥಿತಿಯಲ್ಲಿ ದೀರ್ಘಕಾಲ ಹಿಂಸೆಯನ್ನು ಅನುಭವಿಸಿದವರ ಕ್ಲೇಶವು ಬೇರೆಯೇ ಒಂದು ಸಂಕೀರ್ಣ ರೂಪವನ್ನು ತಾಳುವುದೆಂದು ವಾದಿಸಿದಳು. ೨೦೧೯ರಲ್ಲಿ ಅಂಗೀಕೃತವಾಗಿ ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವ್ಯಾಧಿವರ್ಗೀಕರಣವು 'ಸಂಕೀರ್ಣ ಆಘಾತೋತ್ತರ ಕ್ಲೇಶ'ವನ್ನು ಒಪ್ಪಿಕೊಂಡಿದೆ. ಇದರಲ್ಲಿ ತನ್ನನ್ನು ಕುರಿತ ಭಾವನೆ ಸದಾ ಹೀನವಾಗಿಯೇ ನೆಲೆನಿಂತಿರುವುದು. ಭಾವಾಸ್ಥಿರ ವ್ಯಕ್ತಿತ್ವದಲ್ಲಿಯಾದರೋ ಆ ಭಾವನೆಯೇ ನಿಲ್ಲದೆ ಮೇಲಕ್ಕೂ ಕೆಳಕ್ಕೂ ತೂಗಾಡುವುದು. ವ್ಯವಹಾರದಲ್ಲಿ ಇವನ್ನು ಬೇರ್ಪಡಿಸುವುದು ಸುಲಭವಲ್ಲ.

೩

ಪರಿಭಾಷೆಯ ವಿಚಾರ ಇಲ್ಲಿ ಅಪ್ರಸ್ತುತವಲ್ಲ. 'ಗಡಿರೇಖೆಯ ವ್ಯಕ್ತಿತ್ವ' ಎಂಬ ಪದಶಃ ಅನುವಾದವು ಕನ್ನಡದಲ್ಲಿ ಎರಡು ಬಗೆಯಿಂದ ದೋಷಯುಕ್ತವಾದುದು. ಯಾವ ಸಿದ್ಧಾಂತದ ಮೇಲೆ ಆ ಹೆಸರು ಹುಟ್ಟಿತೋ, ಅಂದರೆ ಈ ರೋಗಿಗಳು ಉನ್ಮಾದದ ಅಂಚಿನಲ್ಲಿರುವರೆಂಬ ಸಿದ್ಧಾಂತವೋ, ಅದನ್ನು ಶಾಸ್ತ್ರವೇ ಕೈಬಿಟ್ಟಿದೆ. ಮೇಲಾಗಿ, ಗಡಿಯೆಂಬುದು ಕರಿಕೆಯಂತಹ ಊರಿನವರಿಗೆ ವ್ಯಾಧಿಯ ಹೆಸರಲ್ಲ. ಅವರು ದಿನವೂ ದಾಟುವ, ಎರಡು ಭಾಷೆಗಳಲ್ಲಿ ಬದುಕುವ ನೆಲೆ. ಹಿಂದಿನ, ಅಂದರೆ ಹತ್ತನೆಯ, ವರ್ಗೀಕರಣದಲ್ಲಿ ಇದಕ್ಕೆ 'ಭಾವದಲ್ಲಿ ಅಸ್ಥಿರವಾದ ವ್ಯಕ್ತಿತ್ವ' ಎಂಬ ಅರ್ಥದ ಹೆಸರಿದ್ದಿತು. ಲಕ್ಷಣವನ್ನು ಹೇಳುವ ಹೆಸರು ತೀರ್ಪನ್ನು ಹೇಳುವ ಹೆಸರಿಗಿಂತ ಮೇಲು. ಆದುದರಿಂದ 'ಭಾವಾಸ್ಥಿರ ವ್ಯಕ್ತಿತ್ವ' ಎಂಬ ಪದವನ್ನು ಇಲ್ಲಿ ಬಳಸಿದೆ.

ಹೆಸರು ರೋಗಿಗೆ ಏನು ಮಾಡಬಲ್ಲುದೆಂಬುದನ್ನು ಕನ್ನಡದ ಓದುಗರು ಶಾಸ್ತ್ರಗ್ರಂಥದಿಂದ ಕಲಿಯಬೇಕಾಗಿಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯು ಆಸ್ಪತ್ರೆಯಿಂದ ಗುಣಹೊಂದಿ ಮರಳುತ್ತಾಳೆ. ಆದರೆ ಮನೆಯವರ, ನೆರೆಯವರ ಕಣ್ಣಿನಲ್ಲಿ ಹುಚ್ಚಿಯೆಂಬ ಹೆಸರು ಹೋಗುವುದಿಲ್ಲ. ಅವಳ ನ್ಯಾಯವಾದ ಕೋಪವೂ ರೋಗದ ಲಕ್ಷಣವೆನಿಸುವುದು. ಅವಳ ವ್ಯಾಧಿ ಇಲ್ಲಿ ಹೇಳುತ್ತಿರುವ ವ್ಯಾಧಿಯಲ್ಲವಾದರೂ, ಅವಳನ್ನು ಎರಡನೆಯ ಸಲ ಮುರಿಯುವುದು ಈ ಹೆಸರೇ. ಭಾವಾಸ್ಥಿರತೆಯ ಹೆಸರು ಪಡೆದವರಿಗೂ ಒಮ್ಮೊಮ್ಮೆ ಚಿಕಿತ್ಸಾಲಯಗಳಲ್ಲಿಯೇ ಇಂತಹ ಗತಿ ಒದಗಿದುದುಂಟು. 'ಗಮನ ಸೆಳೆಯಲು ಹೀಗೆ ಮಾಡುವರು' ಎಂಬ ಮಾತಿನಿಂದ ಅವರ ಸಂಕಟವನ್ನು ತಳ್ಳಿಹಾಕುವುದು ಸುಲಭವಾಯಿತು. ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವ ಪರಂಪರೆ ನಮ್ಮ ನಾಡಿನಲ್ಲಿ ಗಟ್ಟಿಯಾಗಿಯೇ ಇದೆ. 'ರಾಶಿ'ಯೆಂದು ಪ್ರಸಿದ್ಧರಾದ ವೈದ್ಯ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಬಹುಸಂಖ್ಯೆಯ ಪುಸ್ತಕಗಳನ್ನು ಬರೆದಿದ್ದಾರೆ. ಈ ಪರಂಪರೆಯ ಮುಂದಿನ ಕೆಲಸವು ಇಂತಹ ಪದಗಳ ಶೋಧನೆ.

೪

ಇನ್ನು ಚಿಕಿತ್ಸೆಯ ವಿಚಾರ. ಆಘಾತೋತ್ತರ ಕ್ಲೇಶಕ್ಕೆ ಔಷಧಗಳಿಂದ ಸ್ವಲ್ಪಮಟ್ಟಿಗೆ ಉಪಶಮನವಾಗುವುದಾದರೂ ಮಾತಿನ ಚಿಕಿತ್ಸೆಗಳೇ ಮುಖ್ಯವಾದುವು. ಅವುಗಳಲ್ಲಿ ಎರಡನ್ನು ಹೇಳಬಹುದು. ಎಡ್ನಾ ಫೋವಾ ರೂಪಿಸಿದ ಪದ್ಧತಿಯಲ್ಲಿ ರೋಗಿಯು ಸುರಕ್ಷಿತವಾದ ಕೊಠಡಿಯಲ್ಲಿ ಚಿಕಿತ್ಸಕನ ಮುಂದೆ ಆ ಘಟನೆಯನ್ನು ಮತ್ತೆಮತ್ತೆ ವಿವರವಾಗಿ ಹೇಳುವನು. ತಾನು ದೂರವಿಟ್ಟಿದ್ದ ಸ್ಥಳಗಳಿಗೆ ಮೆಟ್ಟಿಲುಮೆಟ್ಟಿಲಾಗಿ ಹೋಗುವನು. ಓಡದೆ ನಿಂತಾಗ ಭೀತಿಯು ತಾನಾಗಿ ಇಳಿಯುವುದೆಂಬುದನ್ನು ದೇಹವೇ ಕಲಿಯುವುದು. ಪೆಟ್ರೀಷಿಯಾ ರೆಸಿಕ್ ೧೯೯೨ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಆಘಾತವು ಬಿಟ್ಟುಹೋದ ನಂಬಿಕೆಗಳನ್ನು, 'ತಪ್ಪು ನನ್ನದೇ', 'ಯಾರನ್ನೂ ನಂಬಬಾರದು' ಎಂಬಂಥವನ್ನು, ಬರೆದು ಪರೀಕ್ಷಿಸುವುದು ಪ್ರಧಾನ.

ಭಾವಾಸ್ಥಿರ ವ್ಯಕ್ತಿತ್ವಕ್ಕೆಂದೇ ಸಿದ್ಧವಾದ ಔಷಧವು ಯಾವುದೂ ಇಲ್ಲ. ಇದಕ್ಕೆ ಚಿಕಿತ್ಸೆಯೇ ಇಲ್ಲವೆಂಬ ನಿರಾಶೆ ಬಹುಕಾಲ ಇದ್ದಿತು. ಅದನ್ನು ಕದಲಿಸಿದವಳು ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲೈನ್‌ಹನ್. ಹುಟ್ಟಿನಿಂದಲೇ ಭಾವಗಳು ತೀವ್ರವಾಗಿರುವ ಮಗುವಿಗೆ, 'ನಿನಗೆ ಹಾಗೆ ಅನಿಸಬಾರದು, ಅದೇನೂ ದೊಡ್ಡದಲ್ಲ' ಎನ್ನುತ್ತ ಅದರ ಅನುಭವವನ್ನೇ ಅಲ್ಲಗಳೆಯುವ ಪರಿಸರ ದೊರೆತರೆ, ಅದು ತನ್ನ ಭಾವಗಳನ್ನು ಗುರುತಿಸಲೂ ತಣಿಸಲೂ ಕಲಿಯುವುದಿಲ್ಲವೆಂಬುದು ಅವಳ ಸಿದ್ಧಾಂತ. ಸ್ವಪೀಡನೆಯು ಈ ದೃಷ್ಟಿಯಲ್ಲಿ ನಾಟಕವಲ್ಲ. ತಾಳಲಾರದ ಭಾವವನ್ನು ನಿಲ್ಲಿಸಲು ಬಲ್ಲ ಒಂದೇ ಉಪಾಯ. ಅವಳ 'ದ್ವಂದ್ವಾತ್ಮಕ ವರ್ತನಚಿಕಿತ್ಸೆ'ಯಲ್ಲಿ ವಾರಕ್ಕೊಮ್ಮೆ ಏಕಾಂತ ಸಂಭಾಷಣೆ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲಗಳ ಪಾಠ, ಸಂಕಟಕಾಲದಲ್ಲಿ ದೂರವಾಣಿಯ ನೆರವು, ಚಿಕಿತ್ಸಕರಿಗೇ ತಮ್ಮತಮ್ಮಲ್ಲಿ ಸಮಾಲೋಚನೆ, ಹೀಗೆ ನಾಲ್ಕು ಅಂಗಗಳುಂಟು. ಕಲಿಸುವ ಕೌಶಲಗಳೂ ನಾಲ್ಕು: ಎಚ್ಚರದ ಗಮನ, ಸಂಕಟವನ್ನು ತಾಳುವುದು, ಭಾವಗಳ ನಿಯಮನ, ಪರಸ್ಪರ ವ್ಯವಹಾರ. ೧೯೯೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಚಿಕಿತ್ಸೆ ಪಡೆದ ಸ್ತ್ರೀಯರು ರೂಢಿಯ ಚಿಕಿತ್ಸೆ ಪಡೆದವರಿಗಿಂತ ಕಡಮೆ ಸಲ ತಮ್ಮನ್ನು ಗಾಯಪಡಿಸಿಕೊಂಡರು, ಆಸ್ಪತ್ರೆಯಲ್ಲಿ ಕಡಮೆ ದಿನ ಕಳೆದರು, ಚಿಕಿತ್ಸೆಯನ್ನು ನಡುವೆ ಬಿಟ್ಟವರೂ ಕಡಮೆ. ಯೌವನದಲ್ಲಿ ತಾನೇ ಇಂತಹ ಸಂಕಟದಿಂದ ಆಸ್ಪತ್ರೆಯಲ್ಲಿದ್ದುದನ್ನು ಲೈನ್‌ಹನ್ ೨೦೧೧ರಲ್ಲಿ ಲೋಕಕ್ಕೆ ಹೇಳಿಕೊಂಡಳು.

'ಎಚ್ಚರದ ಗಮನ'ವೆಂಬ ಕೌಶಲವನ್ನು ಅವಳು ಪಡೆದುದು ಝೆನ್ ಅಭ್ಯಾಸದಿಂದ. 'ಝೆನ್' ಎಂಬುದು ಸಂಸ್ಕೃತದ 'ಧ್ಯಾನ' ಶಬ್ದವು ಚೀಣಾದೇಶದಲ್ಲಿ 'ಛಾನ್' ಎಂದಾಗಿ ಅಲ್ಲಿಂದ ಜಪಾನಿಗೆ ಹೋದಾಗ ಪಡೆದ ರೂಪ. ಇದ್ದುದನ್ನು ಇದ್ದಂತೆಯೇ ಒಪ್ಪುವುದು, ಅದನ್ನು ಬದಲಿಸಲು ಯತ್ನಿಸುವುದು, ಇವೆರಡನ್ನೂ ಒಟ್ಟಿಗೆ ಹಿಡಿಯುವುದೇ ಈ ಚಿಕಿತ್ಸೆಯ 'ದ್ವಂದ್ವ'.

೫

ಎರಡು ವ್ಯಾಧಿಗಳಿಗೂ ಪರೀಕ್ಷಿತವಾದ ಚಿಕಿತ್ಸೆಗಳಿರಲಾಗಿ, ಎರಡೂ ಕೂಡಿದವರಿಗೆ ಎರಡನ್ನೂ ಕೊಡುವುದೇಕೆ ಕಷ್ಟವಾಯಿತು? ಕಾರಣವು ಭಯ. ಆಘಾತದ ನೆನಪನ್ನು ಕೆದಕಿದರೆ ಸ್ವಪೀಡನೆಯೂ ಆತ್ಮಹತ್ಯೆಯ ಪ್ರಯತ್ನವೂ ಹೆಚ್ಚಬಹುದೆಂದು ಚಿಕಿತ್ಸಕರು ಹೆದರಿದರು. ಮೊದಲು ಮನಸ್ಸು ಸ್ಥಿರವಾಗಲಿ, ಆಮೇಲೆ ನೆನಪಿನ ಕೆಲಸ, ಎಂಬುದು ನಿಯಮವಾಯಿತು. ಆತ್ಮಹತ್ಯೆಯ ಅಪಾಯವುಳ್ಳವರನ್ನು ಆಘಾತಚಿಕಿತ್ಸೆಯ ಪರೀಕ್ಷೆಗಳಿಂದಲೂ ಹೊರಗಿಡುತ್ತಿದ್ದರು. ಎಚ್ಚರಿಕೆಯು ಸದುದ್ದೇಶದ್ದೇ. ಆದರೆ ಅದರ ಫಲವು ವಿಪರೀತವಾಯಿತು. ನೆನಪಿನ ಭೀತಿಯೇ ಭಾವವನ್ನು ಕದಡುತ್ತಿರುವವನಿಗೆ, ಭಾವವು ಸ್ಥಿರವಾದ ಮೇಲೆ ನೆನಪಿನ ಚಿಕಿತ್ಸೆಯೆಂದರೆ, ಆ 'ಮೇಲೆ' ಬರುವುದು ಯಾವಾಗ? ಯಾರ ಸಂಕಟವು ಅತ್ಯಂತ ಹೆಚ್ಚೋ ಅವರೇ ಚಿಕಿತ್ಸೆಯಿಂದ ಹೊರಗುಳಿದರು.

ಈ ಗಂಟನ್ನು ಬಿಡಿಸಲು ಎರಡು ಯತ್ನಗಳು ನಡೆದುವು. ಲೈನ್‌ಹನ್‌ಳ ಸಹೋದ್ಯೋಗಿ ಮೆಲನಿ ಹಾರ್ನೆಡ್, ದ್ವಂದ್ವಾತ್ಮಕ ಚಿಕಿತ್ಸೆಯೊಳಗೇ ಫೋವಾಳ ಪದ್ಧತಿಯನ್ನು ಸೇರಿಸಿದಳು. ಕ್ರಮ ಹೀಗೆ: ಮೊದಲು ಕೌಶಲಗಳು, ಸುಮಾರು ಎರಡು ತಿಂಗಳು ಸ್ವಪೀಡನೆಯಿಲ್ಲದೆ ಕಳೆದ ಮೇಲೆ ನೆನಪಿನ ಕೆಲಸ, ನಡುವೆ ಸ್ವಪೀಡನೆ ಮರುಕಳಿಸಿದರೆ ಅದನ್ನು ನಿಲ್ಲಿಸಿ ಮತ್ತೆ ಕೌಶಲಗಳಿಗೆ ಹಿಂದಿರುಗುವುದು. ೨೦೧೪ರಲ್ಲಿ ಪ್ರಕಟವಾದ ಅವಳ ಪರೀಕ್ಷೆ ಚಿಕ್ಕದು, ೨೬ ಸ್ತ್ರೀಯರದು ಮಾತ್ರ. ಆದರೂ ನೆನಪಿನ ಕೆಲಸವನ್ನು ಪೂರೈಸಿದವರಲ್ಲಿ ಸ್ವಪೀಡನೆಯು ಹೆಚ್ಚಲಿಲ್ಲ, ಆತ್ಮಹತ್ಯೆಯ ಪ್ರಯತ್ನಗಳು ಕಡಮೆಯೇ ಆದುವು. ಜರ್ಮನಿಯ ಮಾನ್‌ಹೈಮಿನ ಮಾರ್ಟಿನ್ ಬೋಹುಸ್, ಬಾಲ್ಯದ ಹಿಂಸೆಯಿಂದ ಆಘಾತೋತ್ತರ ಕ್ಲೇಶವನ್ನೂ ಭಾವಾಸ್ಥಿರತೆಯ ಲಕ್ಷಣಗಳನ್ನೂ ಪಡೆದವರಿಗಾಗಿ ಎರಡನ್ನೂ ಹೆಣೆದ ಒಂದೇ ಚಿಕಿತ್ಸೆಯನ್ನು ರಚಿಸಿದನು. ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೧೯೩ ಸ್ತ್ರೀಯರನ್ನು ಎರಡು ಪಂಗಡಮಾಡಿ, ಒಂದಕ್ಕೆ ಈ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ರೆಸಿಕ್‌ಳ ಪದ್ಧತಿಯನ್ನೂ ಕೊಡಲಾಯಿತು. ಎರಡು ಪಂಗಡಗಳೂ ಗಮನಾರ್ಹವಾಗಿ ಸುಧಾರಿಸಿದುವು. ಹೆಣೆದ ಚಿಕಿತ್ಸೆಯು ಸ್ವಲ್ಪ ಮೇಲಾಯಿತು.

ಇವುಗಳಿಂದ ತಿಳಿಯುವುದೇನೆಂದರೆ, ಸಿದ್ಧತೆಯನ್ನು ಅಳೆಯಬೇಕಾದುದು ರೋಗದ ಹೆಸರಿನಿಂದಲೂ ಅಲ್ಲ, ಕಳೆದ ಕಾಲದಿಂದಲೂ ಅಲ್ಲ. ರೋಗಿಯು ತನ್ನ ಭಾವದ ಅಲೆಯನ್ನು ಗಾಯವಿಲ್ಲದೆ ದಾಟಬಲ್ಲನೇ ಎಂಬುದರಿಂದ. ಇದರ ಮಿತಿಗಳನ್ನೂ ಮರೆಯಬಾರದು. ಇವು ಅಮೆರಿಕ, ಜರ್ಮನಿಗಳ ನಗರಗಳಲ್ಲಿ, ತರಬೇತಿ ಪಡೆದ ಚಿಕಿತ್ಸಕರ ಕೈಯಲ್ಲಿ, ಸ್ತ್ರೀಯರ ಮೇಲೆ ನಡೆದ ಪರೀಕ್ಷೆಗಳು. ಡಾಕ್ಟರೇಟಿನ ಅನಂತರದ ಸಂಶೋಧಕರ ಪಾಲಿಗೆ ಉಳಿದಿರುವ ಕೆಲಸ ಇಲ್ಲಿಯೇ ಇದೆ. ಸಾಮಾನ್ಯ ಚಿಕಿತ್ಸಾಲಯದಲ್ಲಿ ಇದು ನಡೆಯುವುದೇ, ಎಷ್ಟು ಸಂಕ್ಷೇಪಿಸಬಹುದು, ಯಾವ ಅಂಗವನ್ನು ಬಿಡಬಾರದು, ಇನ್ನೊಂದು ಭಾಷೆಯಲ್ಲಿ ಅದು ಏನಾಗುವುದು ಎಂಬ ಪ್ರಶ್ನೆಗಳು ಅವರವು.

೬

ಕನ್ನಡನಾಡು ಈ ಪ್ರಶ್ನೆಗಳಿಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬೆಳೆದುಬಂದ ಮಾನಸಿಕ ಆಸ್ಪತ್ರೆ ಮತ್ತು ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿಯೂ ಬಳಿಕ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ, ಮನೋವೈದ್ಯನಿಲ್ಲದ ಹಳ್ಳಿಯಲ್ಲಿ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಏನು ಮಾಡಬಲ್ಲರೆಂಬುದನ್ನು ಅದು ಪರೀಕ್ಷಿಸಿತು. ಬಳ್ಳಾರಿಯ ಮಾದರಿಯ ಮೇಲೆಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ೧೯೮೪ರ ಭೋಪಾಲದ ವಿಷಾನಿಲ ದುರಂತದಿಂದ ಮೊದಲ್ಗೊಂಡು ೧೯೯೯ರ ಒಡಿಶಾದ ಚಂಡಮಾರುತ, ೨೦೦೧ರ ಗುಜರಾತಿನ ಭೂಕಂಪ, ೨೦೦೪ರ ಸುನಾಮಿಗಳವರೆಗೆ ಸಂತ್ರಸ್ತರ ಮನಸ್ಸಿನ ಆರೈಕೆಯ ಅನುಭವವೂ ಅದಕ್ಕಿದೆ. ಆ ಆರೈಕೆಯ ತಿರುಳು ಸ್ಥಳೀಯ ಕಾರ್ಯಕರ್ತರನ್ನು ಸಿದ್ಧಗೊಳಿಸುವುದು.

ದುರಂತದ ಮರುದಿನವೇ ಪ್ರತಿಯೊಬ್ಬನನ್ನೂ ಕೂರಿಸಿ ಕಂಡುದನ್ನೆಲ್ಲ ಹೇಳಿಸುವುದು ಚಿಕಿತ್ಸೆಯಲ್ಲ. ಅಂತಹ ಒಂದೇ ಸಲದ ಹೇಳಿಸುವಿಕೆಯು ಮುಂದೆ ಬರಬಹುದಾದ ಕ್ಲೇಶವನ್ನು ತಡೆಯದು, ಕೆಲವರಿಗೆ ಕೇಡನ್ನೂ ಮಾಡಬಹುದೆಂದು ಪರೀಕ್ಷೆಗಳು ತೋರಿಸಿವೆ. ಮೊದಲ ದಿನಗಳಲ್ಲಿ ಬೇಕಾದುದು ಅನ್ನ, ಆಶ್ರಯ, ಬಂಧುಗಳ ಸುದ್ದಿ, ಕೇಳಲು ಸಿದ್ಧವಾದ ಒಂದು ಕಿವಿ. ತಿಂಗಳು ಕಳೆದರೂ ಚೇತರಿಸದವರನ್ನು ಗುರುತಿಸಿ, ಕ್ರಮಬದ್ಧ ಚಿಕಿತ್ಸೆಗೆ ಕಳುಹಿಸುವುದು ಆಮೇಲಿನ ಕೆಲಸ. ಬಾಲ್ಯದ ಆಘಾತದಿಂದ ಬಳಲುವವರಾದರೋ ಯಾವ ಪರಿಹಾರ ಕೇಂದ್ರದ ಪಟ್ಟಿಯಲ್ಲಿಯೂ ಸೇರಿರುವುದಿಲ್ಲ.

ಕರಿಕೆಯಿಂದ ನೋಡಿದರೆ ಅಡ್ಡಿಗಳು ಸ್ಪಷ್ಟವಾಗಿವೆ. ವರ್ಷವಿಡೀ ವಾರಕ್ಕೊಮ್ಮೆ ಜಿಲ್ಲೆಯ ಕೇಂದ್ರವಾದ ಮಡಿಕೇರಿಗೆ ಬರಬೇಕೆಂದರೆ ದಿನದ ಕೂಲಿ ಹೋಗುವುದು. ಮಳೆಗಾಲದಲ್ಲಿ ಮಾರ್ಗವೇ ಇಲ್ಲದಿರಬಹುದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಗುಟ್ಟು ನಿಲ್ಲದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆ, ಸಂಖ್ಯೆ ೧೪೪೧೬, ಈ ಅಂತರವನ್ನು ಸ್ವಲ್ಪ ತುಂಬಬಲ್ಲುದು. ಸಂಕಟದ ರಾತ್ರಿಯಲ್ಲಿ ಒಂದು ದನಿ ದೊರೆಯುವುದೆಂಬುದೇ ಸಣ್ಣ ಮಾತಲ್ಲ. ೨೦೧೭ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯ ೧೧೫ನೆಯ ವಿಧಿಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆಯನ್ನು ವಿಧಿಸಿದುದೂ ಅಂಜಿಕೆಯನ್ನು ಕಳೆಯತಕ್ಕದ್ದು.

ಎಲ್ಲಕ್ಕಿಂತ ಸೂಕ್ಷ್ಮವಾದ ಅಡ್ಡಿ ಭಾಷೆಯದು. ಕರಿಕೆಯ ಸುತ್ತ ಕನ್ನಡದೊಡನೆ ಅರೆಭಾಷೆ, ಮಲಯಾಳ, ತುಳು ಮಾತುಗಳು ಕಿವಿಗೆ ಬೀಳುವುವು. ಶಾಲೆಯ ಭಾಷೆಯಲ್ಲಿ ಹೇಳಿದ ಆಘಾತವು ವರದಿಯಾಗುವುದು. ಮನೆಮಾತಿನಲ್ಲಿ ಹೇಳಿದಾಗ ಮಾತ್ರ ಅದು ನೆನಪಾಗಿ ಕರಗುವ ಸಂಭವವುಂಟು. 'ಭಾವನಿಯಮನ', 'ಸಂಕಟಸಹನೆ' ಎಂಬ ಪದಗಳು ಗ್ರಂಥಕ್ಕೆ ಸಾಕು. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತವಳಿಗೆ ಸಾಲವು. ಸಿಟ್ಟಿಗೂ ಸಂಕಟಕ್ಕೂ, ಅಂಜಿಕೆಗೂ ನಾಚಿಕೆಗೂ ಇರುವ ಭೇದವನ್ನು ಅವಳ ಮಾತಿನಲ್ಲಿಯೇ ಹೆಸರಿಸಲು ಕಲಿಸುವುದೇ ಆ ಚಿಕಿತ್ಸೆಯ ಮೊದಲ ಪಾಠ. ಈ ಪದಗಳು ವೈದ್ಯರ ಬಳಿ ಇಲ್ಲ. ನಿಘಂಟುಕಾರರು, ಜಾನಪದದ ಸಂಗ್ರಾಹಕರು, ಊರಿನ ಉಪಾಧ್ಯಾಯರು ಇವರ ಬಳಿ ಇವೆ. ೨೦೧೧ರಲ್ಲಿ ಸ್ಥಾಪಿತವಾದ ಅರೆಭಾಷೆಯ ಅಕಾಡೆಮಿಯಂತಹ ಸಂಸ್ಥೆಗಳೂ ಮನೋವೈದ್ಯರೂ ಒಂದೆಡೆ ಕುಳಿತು ಭಾವವಾಚಕ ಪದಗಳ ಒಂದು ಕೋಶವನ್ನು ಸಿದ್ಧಪಡಿಸಿದರೆ ಅದು ಸಾಹಿತ್ಯಕಾರ್ಯವೂ ಹೌದು, ಚಿಕಿತ್ಸಾಕಾರ್ಯವೂ ಹೌದು.

ಈ ಶ್ರಮವು ವ್ಯರ್ಥವಲ್ಲವೆಂಬುದಕ್ಕೆ ಆಧಾರವಿದೆ. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಮತ್ತು ಸಂಗಡಿಗರು ಭಾವಾಸ್ಥಿರತೆಯ ರೋಗಿಗಳನ್ನು ಹತ್ತು ವರ್ಷಗಳಿಗೂ ಮೇಲ್ಪಟ್ಟು ಅನುಸರಿಸಿ ನೋಡಿದರು. ಬಹುಪಾಲಿನವರಲ್ಲಿ ಲಕ್ಷಣಗಳು ಇಳಿದುವು; ಉದ್ಯೋಗ, ಸ್ನೇಹ, ಸಂಸಾರಗಳು ನೆಟ್ಟಗಾಗುವುದು ಮಾತ್ರ ನಿಧಾನವಾಯಿತು. ಈ ವ್ಯಾಧಿಯು ಹೋಗದೆಂಬ ಹಳೆಯ ಮಾತು ಸುಳ್ಳು. ಆದರೆ ಆ ಹತ್ತು ವರ್ಷಗಳನ್ನು ರೋಗಿಯು ಬದುಕಿ ದಾಟಬೇಕು. ದಾಟುವವರೆಗೆ ಕೈಹಿಡಿಯುವ ವ್ಯವಸ್ಥೆ ನಗರಕ್ಕೆ ಮಾತ್ರ ಮೀಸಲಾಗಿದ್ದರೆ, ಶಾಸ್ತ್ರವು ಎಷ್ಟು ಮುಂದುವರಿದರೂ ಭಾಗಮಂಡಲದ ಆಚೆಗಿನ ಇಳಿಜಾರಿನಲ್ಲಿರುವವರಿಗೆ ಅದರಿಂದ ಆಗುವ ಪ್ರಯೋಜನವು ಅಲ್ಪವೇ ಸರಿ.